ಶಾಲು ಸಾಕು, ಕರೆಂಟ್ ಬಿಲ್ ತನ್ನಿ

ನಮ್ಮ ಸಣ್ಣ ಉದ್ಯಮಿಗಳ ಸಂಘದ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದು ಫೋಟೋ ಬರುತ್ತದೆ. ನಡುವೆ ಮಂತ್ರಿಗಳು, ಎಡಬಲಕ್ಕೆ ನಮ್ಮ ಪದಾಧಿಕಾರಿಗಳು. ಮನವಿ ಪತ್ರದ ಒಂದು ತುದಿ ಮಂತ್ರಿಗಳ ಕೈಯಲ್ಲಿ, ಇನ್ನೊಂದು ತುದಿ ಅಧ್ಯಕ್ಷರ ಕೈಯಲ್ಲಿ. ಎಲ್ಲರೂ ಕ್ಯಾಮೆರಾ ನೋಡುತ್ತಿರುತ್ತಾರೆ. ಪತ್ರ ನೋಡುವವರು ಒಬ್ಬರೂ ಇಲ್ಲ. ಕೆಳಗೆ ಸಾಲಾಗಿ ಕೈಮುಗಿಯುವ ಎಮೋಜಿ, ಚಪ್ಪಾಳೆ ಎಮೋಜಿ, ಒಂದಿಬ್ಬರಿಂದ 'ಗ್ರೇಟ್ ಸಾರ್'. ಪತ್ರದಲ್ಲಿ ಏನು ಬರೆದಿದ್ದಿರಿ ಅಂತ ಕೇಳಿದರೆ ಗ್ರೂಪ್ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ.

ನಾನು ಕೇಳುತ್ತೇನೆ. ಅದಕ್ಕೇ ನನ್ನನ್ನು ಪಾಲಿಸಿ ಸಬ್‌ಕಮಿಟಿಗೆ ಹಾಕಿದರು ಅಂತ ಕಾಣುತ್ತೆ.

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಷೀನುಗಳು ಮೂರು (ಎರಡು ಸಿಎನ್‌ಸಿ, ಒಂದು ವಿಎಂಸಿ), ಅಪ್ಪನ ಕಾಲದ ಒಂದು ಲೇತ್. ಮಷೀನು, ಹುಡುಗರು, ಡ್ರಾಯಿಂಗು ಎಲ್ಲ ತಮ್ಮ ನೋಡಿಕೊಳ್ಳುತ್ತಾನೆ. ಬಿಲ್ಲು, ಬ್ಯಾಂಕು, ಜಿಎಸ್‌ಟಿ, ಕರೆಂಟು, ಪಾರ್ಟಿಗಳಿಗೆ, ಅಂದರೆ ನಮಗೆ ಕೆಲಸ ಕೊಡುವ ಕಂಪನಿಗಳಿಗೆ, ಫೋನ್ ಮಾಡಿ ದುಡ್ಡು ಕೇಳುವುದು ನನ್ನ ಪಾಲು. ಹಾಗಾಗಿ ಸರ್ಕಾರದ ಒಂದು ಆದೇಶ ಹೊರಬಂದರೆ ಅದು ನನಗೆ ಪೇಪರಿನ ಸುದ್ದಿಯಲ್ಲಿ ಸಿಗುವುದಿಲ್ಲ. ತಿಂಗಳ ಕೊನೆಗೆ ಯಾವ ಖಾತೆಯಲ್ಲಿ ಎಷ್ಟು ಕಡಿಮೆ ಬಿತ್ತು ಅನ್ನುವುದರಲ್ಲಿ ಸಿಗುತ್ತದೆ. ಈ ಬರಹದಲ್ಲಿ ನಾನು ಹೇಳಬೇಕಿರುವುದೂ ಇದನ್ನೇ: ಸಂಘದ ಬಲ ಅಧ್ಯಕ್ಷರಿಗೆ ವಿಧಾನಸೌಧದಲ್ಲಿ ಯಾರು ಗೊತ್ತು ಅನ್ನುವುದರಲ್ಲಿಲ್ಲ, ಸದಸ್ಯರ ಮೇಜಿನ ಡ್ರಾಯರಿನಲ್ಲಿ ಇದೆ. ಆ ಡ್ರಾಯರ್ ತೆಗೆಸುವುದೇ ಕಷ್ಟ.

ಜಾಬ್ ವರ್ಕ್ ಕಥೆಯಿಂದ ಶುರು ಮಾಡುತ್ತೇನೆ. ಗೊತ್ತಿಲ್ಲದವರಿಗೆ: ಜಾಬ್ ವರ್ಕ್‌ನಲ್ಲಿ ಮೆಟೀರಿಯಲ್ ಪಾರ್ಟಿಯದು, ಕೆಲಸ ಮಾತ್ರ ನಮ್ಮದು. ಅವರು ರಾಡೋ ಕಾಸ್ಟಿಂಗೋ ಡಿಸಿ (ಡೆಲಿವರಿ ಚಲನ್) ಹಾಕಿ ಕಳಿಸುತ್ತಾರೆ. ನಾವು ಟರ್ನಿಂಗ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮಾಡಿ ವಾಪಸ್ ಕಳಿಸುತ್ತೇವೆ. ನಮ್ಮ ಬಿಲ್ಲಿನಲ್ಲಿರುವುದು ಬರೀ ಕೂಲಿ. ಜಿಎಸ್‌ಟಿ ಬರುವ ಮುಂಚೆ, ಮೆಟೀರಿಯಲ್ ಕೊಟ್ಟ ಕಂಪನಿ ತನ್ನ ಮಾಲಿಗೆ ಎಕ್ಸೈಸ್ (ಉತ್ಪಾದನಾ ಸುಂಕ) ಕಟ್ಟುತ್ತಿದ್ದರೆ ಈ ಥರದ ಕೂಲಿಗೆ ಸಾಮಾನ್ಯವಾಗಿ ತೆರಿಗೆ ಬೀಳುತ್ತಿರಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ನಮ್ಮ ಕೂಲಿಯ ಮೇಲೆ ನೇರವಾಗಿ ಶೇ. 18 ಬಿತ್ತು.

ಆಗ ಎಲ್ಲ ಸಂಘಗಳೂ ಮನವಿ ಬರೆದವು. ಬಹಳಷ್ಟು ಮನವಿಗಳಲ್ಲಿ ಇದ್ದದ್ದು ಒಂದೇ ಮಾತು: 'ಸಣ್ಣ ಕೈಗಾರಿಕೆಗಳು ದೇಶದ ಬೆನ್ನೆಲುಬು, ತೆರಿಗೆ ಇಳಿಸಬೇಕಾಗಿ ವಿನಂತಿ.' ಇದಕ್ಕೆ ಅಧಿಕಾರಿಗಳ ಉತ್ತರವೂ ಸಿದ್ಧ ಇರುತ್ತಿತ್ತು. 'ತೆರಿಗೆ ನಿಮ್ಮ ಕೈಯಿಂದ ಹೋಗುವುದಿಲ್ಲವಲ್ಲ. ಪಾರ್ಟಿಯಿಂದ ವಸೂಲಿ ಮಾಡ್ತೀರಿ, ಪಾರ್ಟಿ ಅದನ್ನು ತಾನು ಕಟ್ಟುವ ತೆರಿಗೆಯಲ್ಲಿ ಕ್ರೆಡಿಟ್ ಅಂತ ಕಳೆದುಕೊಳ್ತದೆ. ನಿಮಗೇನು ನಷ್ಟ?' ಕಾಗದದ ಮೇಲೆ ಈ ಮಾತು ಸರಿ. ಬೆನ್ನೆಲುಬಿನ ಹತ್ತಿರ ಇದಕ್ಕೆ ಉತ್ತರ ಇಲ್ಲ.

ಉತ್ತರ ಇದ್ದದ್ದು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಸ್ಟೇಟ್‌ಮೆಂಟ್‌ನಲ್ಲಿ. ಒಂದು ಲಕ್ಷದ ಬಿಲ್ಲು ಅಂದುಕೊಳ್ಳಿ. ಅದರ ಮೇಲೆ 18,000 ತೆರಿಗೆ. ಪಾರ್ಟಿ ದುಡ್ಡು ಹಾಕುವುದು 90 ದಿನಕ್ಕೆ, ಕೆಲವು ಸಲ 120ಕ್ಕೆ. ಸರ್ಕಾರಕ್ಕೆ ಮುಂದಿನ ತಿಂಗಳ 20ನೇ ತಾರೀಖಿಗೆ ಕಟ್ಟಬೇಕು. ಬಾರದ ದುಡ್ಡಿನ ತೆರಿಗೆಯನ್ನು ಕೈಯಿಂದ ಹಾಕಬೇಕು. ಮೆಟೀರಿಯಲ್ ಕೊಂಡು ಮಾಲು ಮಾರುವವನಿಗೆ ಕೊಂಡದ್ದರ ಮೇಲೆ ಕ್ರೆಡಿಟ್ ಇರುತ್ತದೆ, ಅದರಲ್ಲಿ ವಜಾ ಹಾಕಿಕೊಳ್ಳುತ್ತಾನೆ. ನಮಗೆ ಮೆಟೀರಿಯಲ್ಲೇ ಇಲ್ಲ. ನಮ್ಮ ದೊಡ್ಡ ಖರ್ಚು ಹುಡುಗರ ಸಂಬಳ ಮತ್ತು ಕರೆಂಟು. ಸಂಬಳಕ್ಕೆ ಜಿಎಸ್‌ಟಿ ಇಲ್ಲ, ಕರೆಂಟಿಗೂ ಇಲ್ಲ. ಇನ್ಸರ್ಟು, ಕೂಲಂಟು, ಹೈಡ್ರಾಲಿಕ್ ಎಣ್ಣೆ ಇವುಗಳ ಮೇಲೆ ಸಿಗುವ ಚಿಲ್ಲರೆ ಕ್ರೆಡಿಟ್ ಬಿಟ್ಟರೆ ಉಳಿದದ್ದೆಲ್ಲ ನಗದೇ ಹೋಗಬೇಕು.

ನಮ್ಮ ಸ್ಟೇಟ್‌ಮೆಂಟ್ ತೆಗೆದು ಪ್ರತಿ ತಿಂಗಳ 20ನೇ ತಾರೀಖಿನ ಎಂಟ್ರಿಗೆ ಕೆಂಪು ಪೆನ್ನಿನಲ್ಲಿ ಗುಂಡು ಹಾಕಿದೆ. ಪ್ರತಿ ತಿಂಗಳೂ ಅವತ್ತೇ ಓಡಿ ಖಾತೆಯ ಬ್ಯಾಲೆನ್ಸ್ ದಬಕ್ ಅಂತ ಇಳಿಯುತ್ತದೆ. ಅದರ ಪಕ್ಕದಲ್ಲೇ ಆ ತೆರಿಗೆಗೆ ಸಂಬಂಧಪಟ್ಟ ಬಿಲ್ಲಿನ ದುಡ್ಡು ಬಂದ ತಾರೀಖು ಬರೆದೆ. ನಡುವಿನ ದಿನಗಳಿಗೆ ಬ್ಯಾಂಕು ಹಾಕಿದ ಬಡ್ಡಿಯನ್ನೂ ಬರೆದೆ. ಒಂದೇ ಪುಟ. ನಮ್ಮ ಆಡಿಟರ್ ನೋಡಿ, 'ಮೇಡಂ, ಇದು ಬ್ಯಾಲೆನ್ಸ್ ಶೀಟ್‌ನಲ್ಲಿ ಎಲ್ಲೂ ಕಾಣಲ್ಲ' ಅಂದರು. ಅದೇ ಅಲ್ವಾ ವಿಷಯ! ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣದ್ದು ಅಧಿಕಾರಿಗೂ ಕಾಣುವುದಿಲ್ಲ.

ಆದರೆ ಒಂದು ಶಾಪಿನ ಪುಟ ತೋರಿಸಿದರೆ 'ನಿಮ್ಮ ಪಾರ್ಟಿ ಸರಿಯಿಲ್ಲ' ಅಂತ ಕೈ ತೊಳೆದುಕೊಳ್ಳುತ್ತಾರೆ. ಇಡೀ ಬೀದಿಯದು ಬೇಕು. ಇಲ್ಲಿಂದ ನನ್ನ ಫಜೀತಿ ಶುರುವಾಯಿತು.

ಹೀಟ್ ಟ್ರೀಟ್‌ಮೆಂಟ್ ಮಾಡುವ ಯಜಮಾನರೊಬ್ಬರು ಇದ್ದಾರೆ, ಸಂಘದ ಎಲ್ಲ ಸಭೆಗೂ ಬರುತ್ತಾರೆ, ಎಲ್ಲರಿಗಿಂತ ಜೋರಾಗಿ ಮಾತಾಡುತ್ತಾರೆ. ಸ್ಟೇಟ್‌ಮೆಂಟ್ ಕೇಳಿದೆ. 'ಮೇಡಂ, ಮನವಿಗೆ ಸೈನ್ ಬೇಕಾದ್ರೆ ನಾಲ್ಕು ಕಡೆ ಹಾಕ್ತೀನಿ. ಕಾಗದ ಮಾತ್ರ ಕೇಳಬೇಡಿ.' ಅವರದೇನೂ ಕಳ್ಳ ಲೆಕ್ಕ ಅಲ್ಲ. ಪಕ್ಕದ ಶೆಡ್‌ನವನಿಗೆ ರೇಟ್ ಗೊತ್ತಾದರೆ ಐದು ಪೈಸೆ ಕಡಿಮೆಗೆ ಕೆಲಸ ಎತ್ತಿಕೊಳ್ಳುತ್ತಾನೆ ಅನ್ನುವ ಭಯ. ಪಾರ್ಟಿಗೆ ಗೊತ್ತಾದರೆ 'ನಮ್ಮ ಮೇಲೆ ದೂರು ಕೊಡ್ತೀರಾ' ಅಂತ ಆರ್ಡರ್ ನಿಲ್ಲಿಸುತ್ತಾರೆ ಅನ್ನುವ ಭಯ. ತೆರಿಗೆ ಇಲಾಖೆಯ ಭಯ ಮೂರನೆಯದು. ಅದು ಇವೆರಡಕ್ಕಿಂತ ಕಡಿಮೆಯೇ.

ಹಾಗಾಗಿ ಹೆಸರು ಬೇಡ ಅಂದೆವು. ಪಾರ್ಟಿ ಹೆಸರು, ರೇಟು, ಅಕೌಂಟ್ ನಂಬರ್ ಮೇಲೆ ಕಪ್ಪು ಮಾರ್ಕರ್ ಎಳೆದು ಜೆರಾಕ್ಸ್ ಮಾಡಿ ಕವರಿನಲ್ಲಿ ಹಾಕಿ. ಕವರಿನ ಮೇಲೆ ಯೂನಿಟ್ ಎಂಥದ್ದು ಅಂತ ಮಾತ್ರ ಬರೆಯಿರಿ: ಮಷೀನಿಂಗ್, ಪ್ಲೇಟಿಂಗ್, ಗ್ರೈಂಡಿಂಗ್, ಪ್ರೆಸ್ ಶಾಪ್. ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಬರೆಯಿರಿ. ಸಂಘದ ಕಚೇರಿಯಲ್ಲಿ ಒಂದು ಡಬ್ಬ ಇಟ್ಟೆವು. ಫಾರಂ ಮೊದಲು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿದೆವು.

ಸಭೆಯ ಹೊತ್ತಿನದೇ ಇನ್ನೊಂದು ತಮಾಷೆ. ಸಂಘದ ಸಭೆ ಯಾವಾಗಲೂ ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಹೋಟೆಲಿನ ಎಸಿ ಹಾಲ್‌ನಲ್ಲಿ. ಆ ಹೊತ್ತಿಗೆ ಬರಲು ಆಗುವವರು ಮ್ಯಾನೇಜರ್ ಇಟ್ಟುಕೊಂಡ ದೊಡ್ಡವರು. ಮೂರು ಮಷೀನಿನ ಶಾಪಿನಲ್ಲಿ ಯಜಮಾನನೇ ಸೆಟ್ಟರ್, ಅವನೇ ಆಪರೇಟರ್, ಡೆಲಿವರಿ ಹುಡುಗ ಬಾರದಿದ್ದರೆ ಟೆಂಪೋ ಓಡಿಸುವವನೂ ಅವನೇ. ಅವನು ಹನ್ನೊಂದು ಗಂಟೆಗೆ ಎಲ್ಲಿಂದ ಬರಬೇಕು? ನಮ್ಮ ಸಬ್‌ಕಮಿಟಿಯಲ್ಲಿರುವ ಗ್ರೈಂಡಿಂಗ್ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. ಲೈನ್ ರಿಪೇರಿಗೆ ಅಂತ ಕರೆಂಟ್ ಶಟ್‌ಡೌನ್ ಇರುವ ದಿನ ಪೇಪರಿನಲ್ಲಿ ಮುಂಚೆಯೇ ಬರುತ್ತದಲ್ಲ, ಅವತ್ತೇ ಸಭೆ ಇಟ್ಟುಕೊಳ್ಳೋಣ. ಇಡೀ ಬೀದಿಯ ಮಷೀನು ನಿಂತಿರುತ್ತದೆ, ಎಲ್ಲ ಯಜಮಾನರೂ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿರುತ್ತಾರೆ. ಅವತ್ತಿನಿಂದ ನಮ್ಮ ಸಭೆಗೆ ದಿನ ಗೊತ್ತುಮಾಡುವುದು ವಿದ್ಯುತ್ ಕಂಪನಿ. ಎಸಿ ಇಲ್ಲ, ಫ್ಯಾನೂ ಇಲ್ಲ, ಆದರೆ ಜನ ಇರುತ್ತಾರೆ.

2019ರ ಸೆಪ್ಟೆಂಬರ್ 20ರಂದು ಗೋವಾದಲ್ಲಿ ನಡೆದ ಜಿಎಸ್‌ಟಿ ಕೌನ್ಸಿಲ್ಲಿನ 37ನೇ ಸಭೆ ಎಂಜಿನಿಯರಿಂಗ್ ಮಷೀನ್ ಜಾಬ್ ವರ್ಕ್ ಮೇಲಿನ ದರವನ್ನು 18ರಿಂದ 12ಕ್ಕೆ ಇಳಿಸಿತು. ಬಸ್ ಬಾಡಿ ಕಟ್ಟುವವರಿಗೆ ಮಾತ್ರ 18 ಹಾಗೇ ಉಳಿಯಿತು. ನಮ್ಮ ಕವರ್ ಡಬ್ಬದಿಂದಲೇ ಇಳಿಯಿತು ಅಂತ ನಾನೇನೂ ಹೇಳುವುದಿಲ್ಲ. ಕೊಯಮತ್ತೂರಿನ ಜಾಬ್ ವರ್ಕ್ ಸಂಘಗಳು ನಮಗಿಂತ ಗಟ್ಟಿಯಾಗಿ ಕೂಗಿದ್ದವು, ಅವರು ಕೇಳಿದ್ದು ಶೇ. 5. ಕಾಸಿಯಾದಂಥ ರಾಜ್ಯಮಟ್ಟದ ಸಂಘಗಳೂ ಈ ವಿಷಯ ಬಿಟ್ಟಿರಲಿಲ್ಲ. ನಮ್ಮದು ಆ ರಾಶಿಯಲ್ಲಿ ಒಂದು ಫೈಲು, ಅಷ್ಟೇ. ಆದರೆ ಆ ಫೈಲಿನಲ್ಲಿ 'ಬೆನ್ನೆಲುಬು' ಅನ್ನುವ ಪದ ಇರಲಿಲ್ಲ ಅನ್ನುವುದು ನನಗೆ ಖುಷಿ.

ಆರು ವರ್ಷ ಆದ ಮೇಲೆ, 2025ರ ಸೆಪ್ಟೆಂಬರ್ 3ರಂದು ಕೌನ್ಸಿಲ್ಲಿನ 56ನೇ ಸಭೆ ದರಗಳನ್ನೆಲ್ಲ ಒಟ್ಟಾರೆ ಬದಲಿಸಿತು. 12ರ ಮೆಟ್ಟಿಲನ್ನೇ ತೆಗೆದರು. ಸಾಮಾನುಗಳಲ್ಲಿ ಬಹುತೇಕ ಕೆಳಗೆ 5ಕ್ಕೆ ಇಳಿದವು. ಆದರೆ ನಮ್ಮ ಜಾಬ್ ವರ್ಕ್ ದರ 18ಕ್ಕೆ ಹತ್ತಿತು. ಸೆಪ್ಟೆಂಬರ್ 22ರಂದು ಟಿವಿ ಪೂರ್ತಿ 'ಜಿಎಸ್‌ಟಿ ಇಳಿಕೆ ಹಬ್ಬ'. ನಾನು ಶಾಪಿನಲ್ಲಿ ಕೂತು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ 12 ಅಳಿಸಿ 18 ಹಾಕುತ್ತಿದ್ದೆ.

ನನಗೆ ಬೇಜಾರಾಗಿದ್ದು ದರ ಏರಿದ್ದಕ್ಕಿಂತ ಹೆಚ್ಚಾಗಿ ನಮ್ಮ ಫೈಲು ಆರು ವರ್ಷದಲ್ಲಿ ಹಳೆಯದಾಗಿದ್ದಕ್ಕೆ. 2019ರಲ್ಲಿ ಗೆದ್ದೆವು ಅಂತ ಡಬ್ಬ ಮುಚ್ಚಿ ಅಟ್ಟಕ್ಕೆ ಹಾಕಿದ್ದರು. ದರ ಬದಲಿಸುವ ಮಾತು ತಿಂಗಳುಗಟ್ಟಲೆ ಗಾಳಿಯಲ್ಲಿತ್ತು. ಕೌನ್ಸಿಲ್ಲಿಗೆ ವಿಷಯ ಹೋಗುವ ಮುಂಚೆ ಕೇಂದ್ರದ, ರಾಜ್ಯಗಳ ಅಧಿಕಾರಿಗಳಿರುವ ಫಿಟ್‌ಮೆಂಟ್ ಕಮಿಟಿಯಲ್ಲಿ ಒಂದೊಂದು ದರವನ್ನೂ ಜಾಲಾಡುತ್ತಾರೆ. ಹೊಸ ಅಂಕಿ ಅಲ್ಲಿಗೆ ಮುಟ್ಟಬೇಕು. ನಾವು ಮುಟ್ಟಿಸಿದ್ದು ಮಂತ್ರಿಗಳಿಗೆ ಅಭಿನಂದನಾ ಪತ್ರ, ಅದೂ ದರಪಟ್ಟಿ ಪೂರ್ತಿ ಓದುವ ಮುಂಚೆ! ಫೋಟೋ ಇದೆ, ಗ್ರೂಪಿನಲ್ಲಿ ಮೇಲಕ್ಕೆ ಹೋಗಿ ನೋಡಿಕೊಳ್ಳಿ.

ಒಂದು ಸಣ್ಣ ಉದಾಹರಣೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ 2024ರ ಸೆಪ್ಟೆಂಬರಿನ ಕೊಯಮತ್ತೂರು ಸಭೆ ನೆನಪಿದೆಯಾ? ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಉದ್ಯಮಿಗಳ ಜೊತೆ ಕೂತಿದ್ದಾಗ, ಅಲ್ಲಿನ ಹೆಸರಾಂತ ಹೋಟೆಲ್ ಮಾಲೀಕರೊಬ್ಬರು, ಹೋಟೆಲ್ ಸಂಘದಲ್ಲೂ ಇದ್ದವರು, ಎದ್ದು ನಿಂತು ಬನ್ನಿನ ಕಥೆ ಹೇಳಿದರು. ಬನ್ನಿಗೆ ತೆರಿಗೆ ಇಲ್ಲ. ಒಳಗೆ ಕ್ರೀಮ್ ಹಾಕಿದರೆ 18. ಗಿರಾಕಿ 'ಬನ್ ಬೇರೆ ಕೊಡಿ, ಕ್ರೀಮ್ ಬೇರೆ ಕೊಡಿ, ನಾನೇ ಹಚ್ಕೋತೀನಿ' ಅನ್ನುತ್ತಾನೆ ಅಂತ. ಸಭೆ ನಕ್ಕಿತು. ಆ ವಿಡಿಯೋ ದೇಶ ಪೂರ್ತಿ ಓಡಾಡಿತು. ಹತ್ತು ಪುಟದ ಮನವಿ ಹೇಳಲಾರದ್ದನ್ನು ಆ ಬನ್ ಹೇಳಿತು. ಅದರ ಬೆನ್ನಿಗೇ ಅವರು ಸಚಿವೆಯ ಬಳಿ ಕ್ಷಮೆ ಕೇಳುವ ವಿಡಿಯೋ ಹೊರಬಂತು, ದೊಡ್ಡ ಗಲಾಟೆಯಾಯಿತು. ನಮ್ಮ ಸಂಘದಲ್ಲಿ ಆ ಎರಡನೇ ವಿಡಿಯೋವನ್ನೇ ಜಾಸ್ತಿ ಜನ ಫಾರ್ವರ್ಡ್ ಮಾಡಿದರು. 'ನೋಡಿದ್ರಾ ಮೇಡಂ, ಬಾಯಿ ಬಿಟ್ರೆ ಏನಾಗುತ್ತೆ ಅಂತ.' ನಾನು ಹೇಳುವುದು ಬೇರೆ. ಒಬ್ಬರೇ ಎದ್ದು ನಿಲ್ಲುವ ಹಾಗೆ ಆಗಬಾರದು ಅಂತಲೇ ತಾನೇ ಸಂಘ ಅಂತ ಇರುವುದು? 2025ರ ಬದಲಾವಣೆಯಲ್ಲಿ ಕೇಕು, ಪೇಸ್ಟ್ರಿಗಳ ದರ 18ರಿಂದ 5ಕ್ಕೆ ಇಳಿಯಿತು. ಬನ್ನಿನಿಂದಲೇ ಅಂತಲ್ಲ. ಬನ್ನಿನ ಕಥೆ ಯಾರಿಗೂ ಮರೆತಿರಲಿಲ್ಲ, ಅದಂತೂ ನಿಜ.

ಈಗ ಕರೆಂಟಿಗೆ ಬರುತ್ತೇನೆ. ನನ್ನ ಪ್ರಕಾರ ಸಾಮಾನ್ಯ ಸದಸ್ಯನಿಗೆ ಬಾಗಿಲು ನಿಜವಾಗಿ ತೆರೆದಿರುವ ಜಾಗ ಇದೊಂದೇ, ಮತ್ತು ನಾವು ಅತಿ ಕಡಿಮೆ ಹೋಗುವ ಜಾಗವೂ ಇದೇ.

2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿದ್ಯುತ್ ಕಂಪನಿ ತನಗೆ ಬೇಕಾದ ಹಾಗೆ ದರ ಏರಿಸುವಂತಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು, ಅದನ್ನು ಪೇಪರಿನಲ್ಲಿ ಪ್ರಕಟಿಸಬೇಕು, ಸಾರ್ವಜನಿಕರ ಆಕ್ಷೇಪಣೆ ಪಡೆಯಬೇಕು. ಆಮೇಲೆ ಬಹಿರಂಗ ವಿಚಾರಣೆ. ವಕೀಲರು ಬೇಕಿಲ್ಲ, ಶಿಫಾರಸು ಬೇಕಿಲ್ಲ. ಆಯೋಗದ ಕಚೇರಿ ವಸಂತನಗರದಲ್ಲಿ, ಮಿಲ್ಲರ್ಸ್ ಟ್ಯಾಂಕ್ ಬೆಡ್ ಏರಿಯಾದಲ್ಲಿ. ಅರ್ಜಿ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಬೀಳುತ್ತದೆ, ವಿಚಾರಣೆ ಹೊಸ ವರ್ಷದ ಆರಂಭದ ತಿಂಗಳುಗಳಲ್ಲಿ.

2023ರಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಮೇ 12ರಂದು ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿ ಆದೇಶ ಮಾಡಿತು, ಅದೂ ಏಪ್ರಿಲ್ 1ರಿಂದಲೇ ಜಾರಿ. ಹಿಂಬಾಕಿಯೂ ಸೇರಿ ಜೂನ್ ಬಿಲ್ಲು ಬಂದಾಗ ಎಲ್ಲರೂ ಹೌಹಾರಿದರು. ಜೂನ್ 22ಕ್ಕೆ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಬಂದ್ ಕರೆ ಕೊಟ್ಟಿತು. ಕರೆ ಕೊಟ್ಟವರ ಸಿಟ್ಟು ನ್ಯಾಯವೇ. ಆದರೆ ನಮ್ಮ ಬೀದಿಯ ವಿಷಯ ಹೇಳುತ್ತೇನೆ. ಬಂದ್ ಮಾಡೋಣ ಅಂತ ಗ್ರೂಪಿನಲ್ಲಿ ಕೂಗಾಡಿದವರಲ್ಲಿ, ಆ ದರ ಏರಿಕೆಯ ಅರ್ಜಿಯನ್ನು ತೆಗೆದು ನೋಡಿದವರು ಎಷ್ಟು ಜನ? ಕೇಳಿದೆ. 'ಅರ್ಜಿ ಹಾಕ್ತಾರಾ ಅದಕ್ಕೆ?' ಅಂದರು ಒಬ್ಬರು. ಇಪ್ಪತ್ತು ವರ್ಷದಿಂದ ಫ್ಯಾಕ್ಟರಿ ನಡೆಸುತ್ತಿರುವವರು.

ವಿಚಾರಣೆಗೆ ಹೋದಾಗ ನಾವು ಹಿಡಿದುಕೊಂಡು ಹೋದದ್ದು ಫಿಕ್ಸೆಡ್ ಚಾರ್ಜಿನ ವಿಷಯ. ಇದು ಮಷೀನು ಓಡಲಿ ಬಿಡಲಿ, ಮಂಜೂರಾದ ಲೋಡಿಗೆ ಕಟ್ಟಬೇಕಾದ ದುಡ್ಡು. ಲೆಕ್ಕ ಸುಲಭ ಇರಲಿ ಅಂತ ತಿಂಗಳಿಗೆ 10,000 ರೂಪಾಯಿ ಅಂದುಕೊಳ್ಳಿ. ಕೆಲಸ ಚೆನ್ನಾಗಿದ್ದು 5,000 ಯೂನಿಟ್ ಓಡಿಸಿದರೆ ಯೂನಿಟ್‌ಗೆ 2 ರೂಪಾಯಿ ಬೀಳುತ್ತದೆ. ಆರ್ಡರ್ ಇಲ್ಲದೆ 2,000 ಯೂನಿಟ್ ಓಡಿಸಿದರೆ ಅದೇ 5 ರೂಪಾಯಿ ಆಗುತ್ತದೆ. ಕೆಲಸ ಕಡಿಮೆಯಾದ ತಿಂಗಳಲ್ಲೇ ಕರೆಂಟು ದುಬಾರಿ. ವಿದ್ಯುತ್ ಕಂಪನಿಯ ವಾದವೂ ಸುಳ್ಳಲ್ಲ. ತಂತಿ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ ನೀವು ಓಡಿಸಲಿ ಬಿಡಲಿ ಇರಬೇಕಲ್ಲ, ಅದರ ಖರ್ಚು ಯಾರು ಕೊಡುತ್ತಾರೆ ಅಂತ ಅವರು ಕೇಳುತ್ತಾರೆ. ಹಾಗಾಗಿ 'ಫಿಕ್ಸೆಡ್ ಚಾರ್ಜ್ ತೆಗೆಯಿರಿ' ಅಂದರೆ ಯಾರೂ ಕಿವಿಗೊಡುವುದಿಲ್ಲ. ನಾವು ತೆಗೆಯಿರಿ ಅನ್ನಲಿಲ್ಲ. ಲೋಡ್ ಇಳಿಸಿಕೊಳ್ಳುವುದು, ಮತ್ತೆ ಏರಿಸಿಕೊಳ್ಳುವುದು ಸಣ್ಣ ಯೂನಿಟ್‌ಗೆ ಸುಲಭ ಆಗಲಿ ಅಂತ ಕೇಳಿದೆವು.

ಮೊದಲು ಮಾತಾಡಿದ ನಮ್ಮ ಪದಾಧಿಕಾರಿಯೊಬ್ಬರು ಪೀಠದಲ್ಲಿ ಕೂತಿದ್ದ ಆಯೋಗದವರಿಗೆ ಶಾಲು ಹೊದಿಸಲು ಹೊರಟರು. ಇಲ್ಲಿ ಅದೆಲ್ಲ ಬೇಡ ಅಂತ ನಯವಾಗಿ ಹೇಳಿ ಕೂರಿಸಿದರು. ಶಾಲು ಕವರಿನೊಳಗೇ ವಾಪಸ್ ಬಂತು. ಆಮೇಲೆ ಗ್ರೈಂಡಿಂಗ್ ಅಣ್ಣನ ಸರದಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಮೈಕ್ ಮುಂದೆ ನಿಂತು ಅಭ್ಯಾಸವೂ ಇಲ್ಲ. ಕೈಯಲ್ಲಿ ತಮ್ಮದೇ ಶಾಪಿನ ಮೂರು ಬಿಲ್ಲು. ಒಂದು ದಸರಾ ಮುಂಚಿನದು, ಒಂದು ಆಮೇಲಿನದು, ಒಂದು ಮಷೀನು ರಿಪೇರಿಗೆ ಬಿದ್ದಿದ್ದ ತಿಂಗಳದು. 'ಸಾರ್, ಇದರಲ್ಲಿ ಮಷೀನೇ ಇರಲಿಲ್ಲ. ಬಿಲ್ ನೋಡಿ' ಅಂದರು. ಅಷ್ಟೇ. ಆಯೋಗದವರು ಕಾಗದ ಕೈಗೆ ತೆಗೆದುಕೊಂಡರು. ಇಂಥ ಯೂನಿಟ್ ನಿಮ್ಮ ಸಂಘದಲ್ಲಿ ಎಷ್ಟಿವೆ, ಲೋಡ್ ಇಳಿಸಲು ಅರ್ಜಿ ಕೊಟ್ಟಿದ್ದೀರಾ ಅಂತ ಕೇಳಿದರು. ನಮ್ಮ ಹತ್ತಿರ ಪಟ್ಟಿ ಇತ್ತು, ಕೊಟ್ಟೆವು. ಇಡೀ ದಿನದಲ್ಲಿ ನಮ್ಮ ಕಡೆಯವರಿಗೆ ಬಂದ ಮರುಪ್ರಶ್ನೆ ಅದೊಂದೇ. ಮರುಪ್ರಶ್ನೆ ಬಂದರೆ ಒಳಗೆ ಹೋಯಿತು ಅಂತ ಲೆಕ್ಕ.

ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಆಯೋಗದ ಆದೇಶದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಯಾರು ಏನು ಆಕ್ಷೇಪಣೆ ಎತ್ತಿದರು, ಅದಕ್ಕೆ ಕಂಪನಿ ಏನು ಉತ್ತರ ಕೊಟ್ಟಿತು, ಆಯೋಗದ ಅಭಿಪ್ರಾಯ ಏನು ಅನ್ನುವುದನ್ನು ಅಚ್ಚು ಹಾಕುತ್ತಾರೆ. ಆ ಪುಟ ತೋರಿಸಿದಾಗ ಗ್ರೈಂಡಿಂಗ್ ಅಣ್ಣ ಎರಡು ಸಲ ಓದಿಸಿಕೊಂಡರು. ಮುಂದಿನ ವರ್ಷ ಆ ಪುಟವನ್ನೇ ಹಿಡಿದು 'ಹೋದ ಸಲ ನೀವು ಹೀಗೆ ಹೇಳಿದ್ದಿರಿ, ಏನಾಯಿತು' ಅಂತ ಕೇಳಬಹುದು. ಮಂತ್ರಿಗಳ ಫೋಟೋ ಹಿಡಿದು ಹಾಗೆ ಕೇಳಲು ಬರುವುದಿಲ್ಲ.

2025ರಲ್ಲಿ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಸೇರಿದಾಗಲೂ ಇದೇ ಪಾಠ. ಬಿಲ್ಲಿನಲ್ಲಿ ಹೊಸ ಸಾಲು ಕಂಡ ಮೇಲೆ ಫೋನುಗಳು ಬಂದವು.

ಎಲ್ಲ ಸದಸ್ಯರಿಗೂ ಒಂದೇ ನೋವು ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಂಘಗಳು ಮೆತ್ತಗಾಗುವುದು ಇಲ್ಲೇ.

2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅಂತ ಒಂದು ಕಲಂ ಸೇರಿಸಿದರು. ಮೈಕ್ರೋ ಮತ್ತು ಸಣ್ಣ ಉದ್ಯಮಗಳಿಗೆ ದುಡ್ಡನ್ನು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡದಿದ್ದರೆ, ಕೊಂಡವನು ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸುವಂತಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. 45 ದಿನದ ನಿಯಮ 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇತ್ತು, ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಅದನ್ನು ತೆರಿಗೆಯ ಜೊತೆ ಗಂಟು ಹಾಕಿದ ಮೇಲೆ ಕಂಪನಿಗಳ ಆಡಿಟರುಗಳೇ ಎಚ್ಚರಾದರು. 2024ರ ಮಾರ್ಚ್ ತಿಂಗಳಲ್ಲಿ ನನಗೆ ಹಳೆಯ ಬಾಕಿಗಳು ಕೇಳದೆಯೇ ಬಂದವು. ಜೀವನದಲ್ಲಿ ಮೊದಲ ಸಲ ಪಾರ್ಟಿಯ ಅಕೌಂಟ್ಸ್‌ನವರು ನನಗೆ ಫೋನ್ ಮಾಡಿ 'ಮೇಡಂ, ಯಾವ ಬಿಲ್ಲು ಬಾಕಿ ಇದೆ' ಅಂತ ಕೇಳಿದರು.

ನಮಗೆ ಹಬ್ಬ. ಆದರೆ ನಮ್ಮದೇ ಸಂಘದ ದೊಡ್ಡ ಸದಸ್ಯರಿಗೆ ಕಷ್ಟ, ಯಾಕೆಂದರೆ ಅವರೇ ನಮ್ಮ ಪಾರ್ಟಿಗಳು! ಕೆಲವರಿಗೆ ಅವರ ಮೇಲಿನ ಕಂಪನಿಯಿಂದ ದುಡ್ಡು ಬರುವುದೇ 120 ದಿನಕ್ಕೆ, 45ಕ್ಕೆ ಎಲ್ಲಿಂದ ಕೊಡುತ್ತಾರೆ? ಅದೂ ನಿಜವೇ. ಇನ್ನು ಕೆಲವರು ಸದ್ದಿಲ್ಲದೆ 'ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸಿದ ದಾಖಲೆ) ಕ್ಯಾನ್ಸಲ್ ಮಾಡಿಸಿಕೊಂಡರೆ ಆರ್ಡರ್ ಕೊಡ್ತೀವಿ' ಅಂದರು. ಒಂದು ದೊಡ್ಡ ಕಂಪನಿಯಿಂದ ನಮಗೂ ಆ ಮಾತು ಬಂತು. ಸಂಘ ಏನು ಬರೆಯಬೇಕು? ಕಲಂ ಇರಲಿ ಅಂತಲೋ, ಮುಂದೂಡಿ ಅಂತಲೋ? ಕೊನೆಗೆ ಬರೆದ ಪತ್ರ ಓದಿದರೆ ಯಾವುದೂ ಗೊತ್ತಾಗುವುದಿಲ್ಲ. 'ಎಲ್ಲ ಭಾಗೀದಾರರ ಹಿತ ಗಮನದಲ್ಲಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕು.' ಇಂಥ ವಾಕ್ಯ ಬರೆಯಲು ಸಂಘ ಬೇಕಾ? ಸಂಘದ ಹಾಲ್ ಕಟ್ಟಲು ದೇಣಿಗೆ ಕೊಟ್ಟವರು ದೊಡ್ಡವರು ಅನ್ನುವುದು ಗೋಡೆಯ ಕಲ್ಲಿನ ಮೇಲೇ ಬರೆದಿದೆ. ಚಂದಾ ಎಲ್ಲರದೂ ಇದೆ, ಆದರೆ ಚಂದಾದವರ ಹೆಸರು ಕಲ್ಲಿನಲ್ಲಿ ಬರುವುದಿಲ್ಲ.

ನನ್ನ ಸಲಹೆ ಇಷ್ಟೇ ಇತ್ತು, ಈಗಲೂ ಇದೆ. ಒಮ್ಮತ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ. ಕೆಲಸ ಕೊಡುವವರ ಅಭಿಪ್ರಾಯ ಇದು, ಕೆಲಸ ಮಾಡುವವರ ಅಭಿಪ್ರಾಯ ಇದು, ಎರಡೂ ಕಡೆಯ ಲೆಕ್ಕ ಇಲ್ಲಿದೆ ಅಂತ ಕೊಡಿ. ನೀತಿ ಮಾಡುವವನಿಗೆ ಬೇಕಾಗಿರುವುದೂ ಅದೇ. ಈ ಸಲಹೆ ಇನ್ನೂ 'ಪರಿಶೀಲನೆಯಲ್ಲಿದೆ'.

ಇಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮವರಿಗೆ ಹಿಡಿಸದಿದ್ದರೂ ಸರಿ. 2025ರ ಏಪ್ರಿಲ್‌ನಲ್ಲಿ ಕಾರ್ಮಿಕ ಇಲಾಖೆ ಕನಿಷ್ಠ ವೇತನದ ಕರಡು ಹೊರಡಿಸಿ ಆಕ್ಷೇಪಣೆ ಕರೆದಾಗ, ಮಾಲೀಕರ ಕಡೆಯಿಂದ ಜಾಸ್ತಿ ಬಂದದ್ದು 'ನಾವು ಮುಚ್ಚಬೇಕಾಗುತ್ತೆ' ಅನ್ನುವ ಕೂಗು. ಕಾರ್ಮಿಕ ಸಂಘಗಳು ಈ ವಿಷಯ ಮಾತಾಡುವಾಗ ಅಕ್ಕಿ ಬೇಳೆಯ ರೇಟು, ಬಾಡಿಗೆ, ಮಕ್ಕಳ ಫೀಸು ಹಿಡಿದು ಲೆಕ್ಕ ಹಾಕುತ್ತವೆ. ಒಬ್ಬ ದುಡಿಯುವವನಿಗೆ ದಿನಕ್ಕೆ 2,700 ಕ್ಯಾಲೊರಿ ಬೇಕು ಅನ್ನುವ 1957ರ ಸೂತ್ರ ಅವರ ನಾಲಿಗೆ ತುದಿಯಲ್ಲಿದೆ. ಒಪ್ಪಲಿ ಬಿಡಲಿ, ಅದು ಲೆಕ್ಕ. ನಮ್ಮ ಒಂದು ಶಾಪಿನ ಬಿಲ್ಲಿನಲ್ಲಿ ಸಂಬಳದ ಪಾಲೆಷ್ಟು, ಏರಿದರೆ ಒಂದು ಕಾಂಪೊನೆಂಟಿಗೆ ಎಷ್ಟು ಪೈಸೆ ಏರುತ್ತದೆ, ಪಾರ್ಟಿ ಅದನ್ನು ಕೊಡುತ್ತಾನಾ ಅನ್ನುವ ಲೆಕ್ಕ ನಾವೂ ಇಡಬಹುದಿತ್ತು. ಎಲ್ಲರ ಡ್ರಾಯರಿನಲ್ಲೂ ಇದೆ.

ನಮ್ಮ ಬೀದಿಯ ಕೊನೆಯ ಕಾಂಡಿಮೆಂಟ್ಸ್ ಅಂಗಡಿಯವರು ಯಾವ ಸಂಘದಲ್ಲೂ ಇರಲಿಲ್ಲ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಊರೆಲ್ಲ 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. 25ಕ್ಕೆ ಬಂದ್ ಅಂತಿತ್ತು. 23ರಂದು ಮುಖ್ಯಮಂತ್ರಿಗಳು ವ್ಯಾಪಾರಿ ಸಂಘಗಳನ್ನು ಕರೆದು ಕೂರಿಸಿದರು. ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅನ್ನುವ ಭರವಸೆ ಸಿಕ್ಕಿತು. ಆ ಅಂಗಡಿಯವರ ಜೊತೆ ಕೂತು ನಾನೇ ಅವರ ವರ್ಷದ ಲೆಕ್ಕ ಬಿಡಿಸಿದೆ. ಫೋನಿಗೆ ಬಂದ ದುಡ್ಡಿನಲ್ಲಿ ಹಾಲಿಗೆ, ಬ್ರೆಡ್ಡಿಗೆ ತೆರಿಗೆಯೇ ಇಲ್ಲ. ದೊಡ್ಡ ಪಾಲು ಸಿಗರೇಟು, ಅದರಲ್ಲಿ ಉಳಿಯುವುದು ಪುಡಿಗಾಸು. ಊರಿನ ಭಾವಮೈದುನ ಸಾಲ ವಾಪಸ್ ಹಾಕಿದ್ದೂ ಅದೇ ಖಾತೆಗೆ. ಇಡೀ ರಾಜ್ಯದ ಗದ್ದಲದ ತಿರುಳೇ ಅದು: ಖಾತೆಗೆ ಬಂದ ಮೊತ್ತ ಬೇರೆ, ತೆರಿಗೆ ಬೀಳುವ ವ್ಯಾಪಾರ ಬೇರೆ. ಅವರು ಈಗ ಸಂಘ ಸೇರಿದ್ದಾರೆ. 'ಅಕ್ಕಾ, ಮೀಟಿಂಗ್‌ನಲ್ಲಿ ಟೀ ನಮ್ಮಂಗಡಿಯಿಂದಲೇ ತರಿಸಲಿ ಅಂತ ಹೇಳಿ' ಅನ್ನುವುದು ಅವರ ಮೊದಲ ನೀತಿ ಬೇಡಿಕೆ. ಮಂಜೂರಾಗಿದೆ.

ದೊಡ್ಡವರಿಗೆ ಇಷ್ಟೆಲ್ಲ ಕಷ್ಟ ಇಲ್ಲ ಅನ್ನುವುದೂ ಸತ್ಯ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಆಕ್ಷೇಪ ಎತ್ತಿತು, ಕೆಲವೇ ದಿನದಲ್ಲಿ ಮಸೂದೆ ತಡೆಹಿಡಿಯಲಾಯಿತು. ಆ ಮಸೂದೆಯ ಸರಿ ತಪ್ಪು ಇಲ್ಲಿ ಬೇಡ, ಅದರ ಬಗ್ಗೆ ನನಗೂ ತಮ್ಮನಿಗೂ ಈಗಲೂ ಜಗಳ ಆಗುತ್ತದೆ. ನಾನು ನೋಡಿದ್ದು ವೇಗ. ನಮ್ಮ ಜಾಬ್ ವರ್ಕ್ ದರ ಇಳಿಯಲು ಎರಡು ವರ್ಷ ದಾಟಿತ್ತು.

ಸರಿ, ಈಗ ಕೆಲಸದ ಮಾತು. ಅಟ್ಟದ ಮೇಲಿಂದ ಡಬ್ಬ ಇಳಿಸಿದ್ದೇವೆ. ಜಾಬ್ ವರ್ಕ್ ದರದ ಫೈಲು ಹೊಸದಾಗಿ ಕಟ್ಟುತ್ತಿದ್ದೇವೆ. ಪ್ರತಿ ಯೂನಿಟ್‌ನಿಂದ ಬೇಕಾಗಿರುವುದು 2025ರ ಸೆಪ್ಟೆಂಬರ್ 22ಕ್ಕೆ ಮುಂಚಿನ ಮೂರು ತಿಂಗಳ, ಆಮೇಲಿನ ಮೂರು ತಿಂಗಳ ಓಡಿ ಸ್ಟೇಟ್‌ಮೆಂಟ್. ತೆರಿಗೆ ಕಟ್ಟಿದ ಎಂಟ್ರಿಗೆ ಗುಂಡು ಹಾಕಿ, ಆ ಬಿಲ್ಲಿನ ದುಡ್ಡು ಬಂದ ತಾರೀಖು ಪಕ್ಕದಲ್ಲಿ ಬರೆಯಿರಿ. ಇನ್ನೂ ಬಂದಿಲ್ಲದಿದ್ದರೆ 'ಬಂದಿಲ್ಲ' ಅಂತ ಬರೆಯಿರಿ, ಅದೂ ಲೆಕ್ಕವೇ. ಜೊತೆಗೆ ಕರೆಂಟ್ ಬಿಲ್ಲಿನ ಎರಡೂ ಪುಟ. ಮಾರ್ಕರ್ ಸಂಘದ ಕಚೇರಿಯಲ್ಲೇ ಇದೆ, ಜೆರಾಕ್ಸ್ ಖರ್ಚು ನಮ್ಮದು. ಹೀಟ್ ಟ್ರೀಟ್‌ಮೆಂಟ್ ಯಜಮಾನರು ಈ ಸಲ ಮೊದಲ ಕವರ್ ಹಾಕಿದ್ದಾರೆ, ಮೇಲೆ ಏನೂ ಬರೆದಿಲ್ಲ, ಆದರೆ ಕಾಗದಕ್ಕೆ ಕಾದ ಲೋಹ ಅದ್ದುವ ಕ್ವೆಂಚಿಂಗ್ ಎಣ್ಣೆಯ ವಾಸನೆ. ಮುಂದಿನ ಶಟ್‌ಡೌನ್ ಯಾವತ್ತು ಅಂತ ಪೇಪರಿನಲ್ಲಿ ಬಂದ ಕೂಡಲೇ ಗ್ರೂಪಿಗೆ ಹಾಕುತ್ತೇನೆ.